ಎಪ್ಪತ್ನಾಲ್ಕರ ಬಾಣಂತಿ

ನಮ್ಮ ಅತ್ತೆ ಎಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಹಡೆದರು. ಮಾವ ತೀರಿಕೊಂಡು ಆಗಲೇ ಹನ್ನೊಂದು ವರ್ಷವಾಗಿತ್ತು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಸೇರಿಸಿ ಗದಗಿನ ನಮ್ಮ ಓಣಿಯ ಹೆಂಗಸರು ಏನೇನು ಮಾತಾಡಿಕೊಂಡರೆಂದು ನಾನು ಹೇಳಬೇಕಾಗಿಲ್ಲ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ನಾನೇ ಬರೆಯುತ್ತಿದ್ದೇನೆ. ಸೊಸೆಯ ಮಾತು ಎಂದು ಅರ್ಧ ಕಳೆದು ನಂಬಿದರೂ ನನ್ನದೇನೂ ಅಡ್ಡಿಯಿಲ್ಲ.

ಎಲ್ಲ ಶುರುವಾದದ್ದು ನನ್ನ ಗಂಡನ ಬಲಗೈಯಿಂದ. ಅವರ ಹೆಸರು ತುಕಾರಾಮ. ಸ್ಟೇಷನ್ ರಸ್ತೆಯಲ್ಲಿ ನಮ್ಮದು ಜಿಲೇಬಿ ಅಂಗಡಿ. ಬಟ್ಟೆಯ ಚೀಲದಲ್ಲಿ ಹಿಟ್ಟು ತುಂಬಿ ಕಾದ ಎಣ್ಣೆಯ ಮೇಲೆ ಮೂರು ಸುತ್ತು ಸುತ್ತಿ ಎತ್ತುವುದು ಅವರ ಕೆಲಸ. ಒಂದು ವರ್ಷ ಆ ಸುತ್ತುಗಳಲ್ಲಿ ಸಣ್ಣ ಸಣ್ಣ ಅಲೆಗಳು ಕಾಣತೊಡಗಿದವು. ಗಿರಾಕಿಗಳು, "ಈಗೀಗ ನಿಮ್ಮ ಜಿಲೇಬಿಗೆ ಭಾರಿ ಡಿಸೈನ್ ಬಂದೈತ್ರಿ" ಎಂದು ಹೊಗಳಿ ಅರ್ಧ ಕಿಲೋ ಹೆಚ್ಚಿಗೆ ಒಯ್ದರು. ನಾನೂ ಹಿಗ್ಗಿದೆ. ಗಂಡನ ಕಾಯಿಲೆಯನ್ನು ಕಲೆ ಎಂದುಕೊಂಡ ಹೆಂಡತಿ ಈ ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು.

ಪಾರ್ಕಿನ್ಸನ್ ಎಂದರು ಡಾಕ್ಟರು. ಮಿದುಳಿನ ಆಳದಲ್ಲಿ ಡೋಪಮಿನ್ ಎಂಬ ರಸ ಮಾಡುವ ಕೋಶಗಳಿರುತ್ತವಂತೆ. ಅವು ಸಾಯುತ್ತ ಬಂದರೆ ಕೈಕಾಲಿಗೆ ಅಪ್ಪಣೆ ಸರಿಯಾಗಿ ತಲುಪುವುದಿಲ್ಲ. ಮೂರು ವರ್ಷ ಗುಳಿಗೆ ನಡೆಯಿತು. ನಾಲ್ಕನೆಯ ವರ್ಷ ಅವರಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬರದಾಯಿತು. ನಾನು ತುತ್ತು ಮಾಡಿ ಬಾಯಿಗಿಡುವಾಗ ಕಣ್ಣು ಮುಚ್ಚಿಕೊಂಡು ಅಗಿಯುತ್ತಿದ್ದರು. ಐವತ್ತೊಂದರ ಗಂಡಸು. ಅದನ್ನು ನೋಡುವಾಗ ನನಗಾಗುತ್ತಿದ್ದ ಸಂಕಟವನ್ನು ಬರೆಯಲು ನನಗೆ ಬರುವುದಿಲ್ಲ.

ಆಗ ಹುಬ್ಬಳ್ಳಿಯ ಹೊರಗೆ ಕೋಶಗಳಿಂದ ಚಿಕಿತ್ಸೆ ಮಾಡುವ ಕೋಶಾಲಯ ಎಂಬ ಆಸ್ಪತ್ರೆ ಇತ್ತು. ಅದರ ಮುಖ್ಯಸ್ಥೆ ಡಾಕ್ಟರ್ ರೇಷ್ಮಾ ಕಿತ್ತೂರ. ಸಣ್ಣ ಆಳು, ದೊಡ್ಡ ಕನ್ನಡಕ, ಮಾತು ಮಾತ್ರ ಸಂತೆಯಲ್ಲಿ ಕಾಯಿಪಲ್ಲೆ ಮಾರುವವರಷ್ಟು ಸಲೀಸು. ಅವರ ಹತ್ತಿರ ತಿರುಗಣಿ ಎಂಬ ಯಂತ್ರವಿತ್ತು. ನಮ್ಮ ಹಿಟ್ಟಿನ ಗಿರಣಿಯ ಅರ್ಧದಷ್ಟು ಇರಬಹುದು. ಮುದಿ ಕೋಶವನ್ನು ಅದರೊಳಗೆ ಹಾಕಿದರೆ ಅದರ ವಯಸ್ಸನ್ನು ಹಿಂದಕ್ಕೆ ಸುತ್ತಿ ಸುತ್ತಿ, ಇನ್ನೂ ಹುಟ್ಟದ ಕೂಸಿನ ಕೋಶದ ಹಾಗೆ ಮಾಡಿಬಿಡುತ್ತಿತ್ತು. ಆಮೇಲೆ ಅದನ್ನು ಏನಾಗು ಎಂದರೆ ಅದಾಗುತ್ತದೆ. ಚರ್ಮ ಆಗು ಎಂದರೆ ಚರ್ಮ, ನರ ಆಗು ಎಂದರೆ ನರ.

"ಇವರ ಸ್ವಂತ ಕೋಶದಾಗನ ದೋಷ ಅದ. ರಕ್ತಸಂಬಂಧದವರದು ಬೇಕು" ಎಂದರು ಡಾಕ್ಟರ್. ಪರೀಕ್ಷೆ ಮಾಡಿದಾಗ ಹೊಂದಿದ್ದು ಒಬ್ಬರದೇ. ಅವರ ತಾಯಿ ಗೋದವ್ವನವರದು.

ನಮ್ಮತ್ತೆ ಬಾಯಿ ತೆರೆದರು. ಡಾಕ್ಟರ್ ಗಲ್ಲದ ಒಳಗಿನಿಂದ ಅರಳೆಕಡ್ಡಿಯಲ್ಲಿ ಒರೆಸಿಕೊಂಡರು. "ಇಷ್ಟ ಏನು? ನಾನು ಕಿಡ್ನಿ ಕೊಡಾಕ ತಯಾರಾಗಿ ಬಂದಿದ್ದೆ" ಎಂದು ಅತ್ತೆ ನಿರಾಸೆಪಟ್ಟರು. ಎರಡು ಸಂಗತಿ ನೆನಪಿಡಿ ಎಂದು ಡಾಕ್ಟರ್ ಹೇಳಿದರು. ಒಬ್ಬರ ಕೋಶವನ್ನು ತಿರುಗಣಿಗೆ ಒಂದೇ ಸಲ ಹಾಕಲು ಬರುತ್ತದೆ. ಬೆಳೆದ ಕೋಶಗಳನ್ನು ತಿರುಗಣಿಯಿಂದ ಇಳಿಸಿದ ಮೂವತ್ತು ದಿನದೊಳಗೆ ಮಿದುಳಿಗೆ ಸೇರಿಸಬೇಕು. ಆಮೇಲೆ ಅವು ಬೇರೂರುವುದಿಲ್ಲ.

ಹನ್ನೆರಡನೆಯ ದಿನ ಸಹಿಗೆ ಕರೆದರು. ಕೋಶ ಕಾಯಿದೆಯ ಪ್ರಕಾರ, ಕೊಟ್ಟವರು ಒಂದು ನಮೂನೆ ತುಂಬಬೇಕು. ಅದರಲ್ಲಿ ಎರಡು ಚೌಕ. ಒಂದರ ಮುಂದೆ 'ವಸ್ತು', ಇನ್ನೊಂದರ ಮುಂದೆ 'ಜೀವ'. ಹಿಂದೆ ಈ ಎರಡು ಶಬ್ದಗಳಿಗಾಗಿ ದೇಶದಲ್ಲಿ ಮೆರವಣಿಗೆ, ಉಪವಾಸ, ಟೀವಿಯಲ್ಲಿ ಕೂಗಾಟ ಎಲ್ಲ ಆಗಿತ್ತು. ಕಡೆಗೆ ಸರ್ಕಾರ, ಕೊಟ್ಟವರೇ ಹೇಳಲಿ ಎಂದು ಕೈತೊಳೆದುಕೊಂಡಿತು. ಎಲ್ಲರೂ 'ವಸ್ತು' ಎಂದು ಗುರುತು ಹಾಕಿ ಕ್ಯಾಂಟೀನಿಗೆ ಹೋಗುತ್ತಿದ್ದರು.

ಡಾಕ್ಟರ್ ರೇಷ್ಮಾ ಮಾಡಿದ್ದು ಒಂದೇ ತಪ್ಪು. ಸಹಿ ಹಾಕಿಸುವ ಮೊದಲು, ಪ್ರೀತಿಯಿಂದ, ಅತ್ತೆಗೆ ಸೂಕ್ಷ್ಮದರ್ಶಕದಲ್ಲಿ ಕೋಶಗಳನ್ನು ತೋರಿಸಿದರು.

ಅತ್ತೆ ಬಹಳ ಹೊತ್ತು ನೋಡಿದರು. "ಬಾಯಾರ, ಇದು ಮಿಸುಕಾಡಾಕತ್ತೈತಲ್ಲ."

"ಹೌದಜ್ಜಿ, ಬೆಳೀಲಿಕತ್ತದ."

"ಉಣ್ಣತೈತೇನು?"

"ದಿನಾ ಎರಡು ಸಲ ಹಾಕ್ತೇವಿ. ಸಕ್ಕರಿ, ಉಪ್ಪು, ಪ್ರೋಟೀನು."

"ಹೊತ್ತಿಗೆ ಸರಿಯಾಗಿ ಹಾಕಲಿಲ್ಲಂದ್ರ?"

"ಸಾಯ್ತದ" ಎಂದರು ಡಾಕ್ಟರ್, ವಿಜ್ಞಾನಿಗಳ ಪ್ರಾಮಾಣಿಕತೆಯಿಂದ.

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಪೆನ್ನು ಹಿಡಿದು ಸಾವಕಾಶವಾಗಿ 'ಜೀವ'ದ ಮುಂದೆ ಗುರುತು ಹಾಕಿ, ಗೋದಾಬಾಯಿ ಎಂದು ಪೂರ್ತಿ ಹೆಸರಿನ ಸಹಿ ಮಾಡಿದರು. ಅದನ್ನು ದಾಖಲು ಮಾಡಿದ ಕೂಡಲೆ ಕಂಪ್ಯೂಟರಿನ ಪರದೆ ಕೆಂಪಾಯಿತು.

ಜೀವ ಎಂದು ಘೋಷಿಸಿದ್ದನ್ನು ಇನ್ನೊಬ್ಬರ ದೇಹಕ್ಕೆ ಹಾಕುವಂತಿಲ್ಲ; ಸರ್ಕಾರದ ಖರ್ಚಿನಲ್ಲಿ ಕಡೆತನಕ ಸಾಕಬೇಕು. ಇದು ಕಾಯಿದೆ. ಡಾಕ್ಟರ್ ಕುರ್ಚಿಯ ಮೇಲೆ ಕುಸಿದರು. "ಎಂಟು ವರ್ಷದಾಗ ಆ ಚೌಕಕ್ಕ ಯಾರೂ ಕೈ ಹಚ್ಚಿದ್ದಿಲ್ಲ. ಅಜ್ಜೀ, ದಯಮಾಡಿ ವಸ್ತು ಅಂತ ತಿದ್ದಿಕೊಡ್ರಿ."

"ಹ್ಯಾಂಗ ತಿದ್ದಲಿ? ಉಣ್ಣತೈತಿ, ಬೆಳೀತೈತಿ, ಉಣಿಸದಿದ್ರ ಸಾಯತೈತಿ ಅಂತ ನೀವ ಅಂದ್ರಿ. ಇನ್ನ ಜೀವ ಅನಿಸಿಕೊಳ್ಳಾಕ ಏನು ಮಾಡಬೇಕು, ಸಾಲಿಗೆ ಹೋಗಬೇಕೇನು?"

ಗದಗಿನ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಸಿಟ್ಟು ನೆತ್ತಿಗೇರಿತ್ತು. ಗಂಡ ನಮ್ಮಿಬ್ಬರ ನಡುವೆ ನಡುಗುತ್ತ ಕೂತಿದ್ದರು.

ಮನೆಗೆ ಬಂದು ಅತ್ತೆ ಮೊದಲು ಮಾಡಿದ ಕೆಲಸ ದೇವರ ಕೋಣೆಯ ಬಾಗಿಲು ಮುಚ್ಚಿದ್ದು. "ಮನಿಯಾಗ ಕೂಸು ಹುಟ್ಟೈತಿ ಅಂದಮ್ಯಾಲ ಸೂತಕ ಬಂತಲ್ಲ. ಹತ್ತು ದಿನ ಪೂಜಿ ಇಲ್ಲ." ಹಡೆದ ಸೂತಕ ಎಂದರೆ ಮನೆತನಕ್ಕೆಲ್ಲ ತಗಲುತ್ತದೆ. ಲಕ್ಷ್ಮೇಶ್ವರದಲ್ಲಿ ನನ್ನ ಮೈದುನನ ಗೃಹಪ್ರವೇಶ ಬರುವ ಶುಕ್ರವಾರ ಇತ್ತು. ಅವನು ಫೋನಿನಲ್ಲಿ ಅಳುವುದೊಂದು ಬಾಕಿ. "ವೈನಿ, ನಾಕುನೂರು ಮಂದಿಗೆ ಹೇಳೇವಿ. ಒಂದು ಹನಿ ನೀರಿನಾಗಿನ ಕೋಶದ ಸಲುವಾಗಿ ನಿಲ್ಲಸೂದೇನು?"

ಪುರೋಹಿತರನ್ನು ಕೇಳಿದೆವು. ಕೂಸು ಹುಟ್ಟಿದ ವೇಳೆ ಹೇಳಿ ಎಂದರು. ನಾನು ಕೋಶಾಲಯಕ್ಕೆ ಫೋನು ಮಾಡಿದೆ. ಹದಿನೆಂಟು ತಾಸಿಗೊಮ್ಮೆ ಒಂದು ಎರಡಾಗುತ್ತದೆ, ಈಗ ಲಕ್ಷದ ಲೆಕ್ಕದಲ್ಲಿ ಇವೆ ಎಂದರು ಡಾಕ್ಟರ್. ಅದನ್ನೇ ಪುರೋಹಿತರಿಗೆ ಹೇಳಿದೆ. "ಅಂದರೆ ದಿನಾ ಹುಟ್ಟತಾವ. ಸೂತಕ ಮುಗಿಯೂದ ಇಲ್ಲ" ಎಂದು ಹೇಳಿ ಫೋನು ಇಟ್ಟವರು ಮತ್ತೆ ಎತ್ತಲಿಲ್ಲ. ಕಡೆಗೆ ಅತ್ತೆಯೇ ನ್ಯಾಯ ಹೇಳಿದರು. ಮೊದಲು ಹುಟ್ಟಿದ್ದು ಕೂಸು, ಆಮೇಲಿನವೆಲ್ಲ ಅವಳಿಜವಳಿ, ಎಲ್ಲಕ್ಕೂ ಸೇರಿ ಒಂದೇ ಸೂತಕ, ತಿರುಗಣಿಯಿಂದ ಇಳಿಸಿದ ದಿನದಿಂದ ಎಣಿಸಿದರೆ ಅದು ಆಗಲೇ ಮುಗಿಯಿತು. ದೇವರ ಕೋಣೆಯ ಬಾಗಿಲು ತೆರೆಯಿತು, ಮೈದುನ ಬದುಕಿಕೊಂಡ.

ಆದರೆ ಬಾಣಂತನ ಮುಗಿಯಲಿಲ್ಲ. ಓಣಿಯ ಹೆಂಗಸರು ಮೊದಲು ನಗಲು ಬಂದರು, ಎರಡನೆಯ ಸಲ ಬರುವಾಗ ಬಾಣಂತಿಗೆ ಕೊಡುವ ಅಂಟಿನ ಉಂಡಿ ತಂದರು. ಅತ್ತೆ ಕಿವಿಗೆ ಅರಳೆ ಇಟ್ಟು ತಲೆಗೆ ಬಟ್ಟೆ ಕಟ್ಟಿಕೊಂಡು, ಬೇಡ ಬೇಡ ಎನ್ನುತ್ತ ದಿನಕ್ಕೆ ನಾಲ್ಕು ಉಂಡಿ ತಿಂದರು. ಅವರ ನಡುವೆ ಕೂತು ಹಳೆಯ ಸೀರೆಯ ತುಂಡಿನಿಂದ ಅಂಗೈಯಗಲದ ಒಂದು ಕೌದಿ ಹೊಲಿದರು. ಕೂಸು ಗಾಜಿನ ಪೆಟ್ಟಿಗೆಯಲ್ಲಿ ಬೆತ್ತಲೆ ಇದೆ ಎಂಬುದು ಅವರ ಚಿಂತೆ.

ಹದಿನೆಂಟನೆಯ ದಿನ ಆ ಕೌದಿ ಹಿಡಿದು ನನ್ನನ್ನೂ ಎಳೆದುಕೊಂಡು ಹುಬ್ಬಳ್ಳಿಗೆ ಹೋದರು. ಪೆಟ್ಟಿಗೆಯ ಒಳಗಿಡಲು ಬರುವುದಿಲ್ಲ ಎಂದು ಡಾಕ್ಟರ್ ರೇಷ್ಮಾ ಮೇಲೆ ಹೊದಿಸಿದರು. ನೋಡಿದರೆ ಅದರ ಪಕ್ಕದಲ್ಲಿ ಒಂದು ಹಾಳೆ, ಒಂದು ಪೆನ್ನು. ಸಹಿಯ ದಿನವೇ ಅತ್ತೆ ಯಾರಿಗೂ ಕಾಣದ ಹಾಗೆ ಇಟ್ಟು ಬಂದಿದ್ದರಂತೆ. ನಮ್ಮ ಕಡೆ ಕೂಸಿನ ಹಾಸಿಗೆಯ ಹತ್ತಿರ ಹೀಗೆ ಇಡುತ್ತೇವೆ. ಶೆಟವಿ ತಾಯಿ ಬಂದು ಹಣೆಬರಹ ಬರೆದು ಹೋಗುತ್ತಾಳೆ ಎಂದು ನಂಬಿಕೆ. ಇಟ್ಟ ಹಾಳೆ ಮರುದಿನ ಖಾಲಿಯೇ ಇರುತ್ತದೆ. ಅದನ್ನು ಓದಲು ನಮಗೆ ಕಣ್ಣಿಲ್ಲ ಎಂದುಕೊಳ್ಳುತ್ತೇವೆ.

ಈ ಹಾಳೆ ಖಾಲಿ ಇರಲಿಲ್ಲ. ದುಂಡನೆಯ ಅಕ್ಷರದಲ್ಲಿ, 'ಚಾ ಎರಡು, ಮಿರ್ಚಿ ಒಂದು ಪ್ಲೇಟು, ಬೇಗ' ಎಂದು ಬರೆದಿತ್ತು. ಯಾರೋ ತಂತ್ರಜ್ಞರು ಕ್ಯಾಂಟೀನಿಗೆ ಕಳಿಸಲು ಬರೆದು ಮರೆತ ಚೀಟಿ. ಡಾಕ್ಟರ್ ನಾಚಿ ಕೆಂಪಾದರು. ಅತ್ತೆ ಮಾತ್ರ ಎರಡು ಸಲ ಓದಿ ತಲೆದೂಗಿದರು. "ಚಲೋ ಬರದಾಳ. ಉಣ್ಣಾಕ ತಿನ್ನಾಕ ಕಡಿಮಿಲ್ಲ."

ಆಗ ನನಗೆ ತಡೆಯಲಿಲ್ಲ. "ಅತ್ತೀ, ಅದಕ್ಕ ಉಣ್ಣಾಕ ಕಡಿಮಿಲ್ಲ. ನಿಮ್ಮ ಮಗಗ ತುತ್ತು ಬಾಯಿಗೆ ಮುಟ್ಟವಲ್ಲದು. ಇನ್ನ ಹನ್ನೆರಡು ದಿನ ಉಳದಾವ. ನಿಮಗ ಯಾವುದು ಬೇಕು?"

ಅವರ ಮುಖ ನೋಡಿ, ಅಂದ ಮಾತನ್ನು ವಾಪಸು ತೆಗೆದುಕೊಳ್ಳಬೇಕೆನಿಸಿತು. ಆ ಹೆಂಗಸು ದಿನಾ ಇದನ್ನೇ ತಮ್ಮನ್ನು ತಾವು ಕೇಳಿಕೊಳ್ಳುತ್ತಿದ್ದರು. "ಇಂದೂ" ಎಂದು ನನ್ನ ಹೆಸರು ಹಿಡಿದು ಕರೆದರು. "ಅವನೂ ನನ್ನವನ. ಅದೂ ನನ್ನದ. ನಾನು ಒಂದು ಅಕ್ಷರ ತಿದ್ದಿದ್ರ ಅವನು ಉಳೀತಾನ, ಖರೆ. ಆದ್ರ ಕಣ್ಣಿಲೆ ನೋಡಿ ಜೀವ ಅಂದದ್ದನ್ನ, ನನಗ ಬೇಕಾತು ಅಂತ ವಸ್ತು ಅಂದ್ರ, ನಾಳೆ ಯಾರರ ನಿನ್ನ ಗಂಡನ್ನ ನೋಡಿ ವಸ್ತು ಅಂದ್ರ ನಾ ಏನನ್ನಲಿ? ಅಂಗಡಿಗೆ ಬಂದ ಮಂದಿ ಈಗ ಹಂಗ ನೋಡತಾರ. ಮುರದ ಕುರ್ಚಿ ನೋಡಿದಂಗ." ಆಮೇಲೆ ಅಲ್ಲೇ, ಗಾಜಿನ ಪೆಟ್ಟಿಗೆಯ ಮುಂದೆ, ಬಾಯಿಗೆ ಸೆರಗು ಹಿಡಿದು ಅತ್ತರು. ನಾನೂ ಅತ್ತುಬಿಟ್ಟೆ. ಡಾಕ್ಟರ್ ರೇಷ್ಮಾ ಕನ್ನಡಕದೊಳಗೇ ಅತ್ತು, ಮೇಲಿನವರಿಗೆ ಪತ್ರ ಬರೆಯುತ್ತೇನೆ ಎಂದರು.

ಪತ್ರಕ್ಕೆ ಉತ್ತರವಾಗಿ ಮೂವರ ಸಮಿತಿ ಬಂತು. ಇಪ್ಪತ್ತೇಳನೆಯ ದಿನ ಬೆಳಿಗ್ಗೆ ಹತ್ತಕ್ಕೆ ಕೋಶಾಲಯದ ಸಭಾಂಗಣದಲ್ಲಿ ವಿಚಾರಣೆ. ಅಧ್ಯಕ್ಷರು ನಿವೃತ್ತ ನ್ಯಾಯಾಧೀಶ ಹಿರೇಗೌಡರ. ಅವರ ಎಡಕ್ಕೆ ತತ್ತ್ವಶಾಸ್ತ್ರದ ಪ್ರಾಧ್ಯಾಪಕರು, ಬಲಕ್ಕೆ ಔಷಧ ಕಂಪನಿಗಳ ಸಂಘದವರು. ಪ್ರಾಧ್ಯಾಪಕರು ಮುಕ್ಕಾಲು ತಾಸು ಮಾತಾಡಿ, ಇದು ಜೀವ, ಆದ್ದರಿಂದ ಮುಟ್ಟಬಾರದು ಎಂದರು. ಸಂಘದವರು ಪರದೆಯ ಮೇಲೆ ಚಿತ್ರ ತೋರಿಸಿ, ಇದು ವಸ್ತು, ಆದ್ದರಿಂದ ಯಾರನ್ನೂ ಕೇಳಬೇಕಾಗಿಲ್ಲ ಎಂದರು. ಇಬ್ಬರೂ ಎದ್ದು ನಿಂತು ಒಬ್ಬರಿಗೊಬ್ಬರು ಬೆರಳು ತೋರಿಸುವ ಹಂತಕ್ಕೆ ಬಂದರು. ನನ್ನ ಗಂಡನ ಕೈ ಮೇಜಿನ ಮೇಲಿತ್ತು; ಮೇಜಿನ ಮೇಲಿನ ನೀರಿನ ಲೋಟಗಳೆಲ್ಲ ಸಣ್ಣಗೆ ಕಿಣಿಕಿಣಿ ಎನ್ನುತ್ತಿದ್ದವು. ಅವರಿಬ್ಬರಿಗೂ ಅದು ಕೇಳಿಸಲಿಲ್ಲ.

ನ್ಯಾಯಾಧೀಶರಿಗೆ ಕೇಳಿಸಿತು. "ಗೋದಾಬಾಯಾರ, ನೀವು ಹೇಳ್ರಿ" ಎಂದರು.

ಅತ್ತೆ ಎದ್ದು ನಿಂತರು. ತಲೆಗೆ ಕಟ್ಟಿದ ಬಟ್ಟೆ ಹಾಗೇ ಇತ್ತು. "ಸಾಹೇಬರ, ಈ ಇಬ್ಬರು ಶ್ಯಾಣ್ಯಾರಿಗೂ ಮದಿವಿ ಆಗೈತೇನ್ರಿ?"

ಆಗಿದೆ ಎಂದು ಇಬ್ಬರೂ ಒಪ್ಪಿಕೊಂಡರು.

"ಹಂಗಾದ್ರ ಅವರ ಮಾವಂದಿರು ಏನು ಮಾಡಿದ್ರು? ಮಗಳು ಜೀವ ಅಂತ ಮುಟ್ಟಗೊಡದ ಮನಿಯಾಗ ಇಟ್ಟುಕೊಂಡ್ರೇನು? ವಸ್ತು ಅಂತ ತೂಕಕ್ಕ ಹಾಕಿ ಮಾರಿದ್ರೇನು? ಎರಡೂ ಇಲ್ಲ. ಕೊಟ್ಟರು. ಜೀವ ಇದ್ದದ್ದಕ್ಕ ಕೊಟ್ಟರು. ಕೊಟ್ಟ ಮಗಳು ಸತ್ತಳು ಅಂತ ಯಾರೂ ಅನ್ನಲಿಲ್ಲ. ಹೋದ ಮನಿ ಬೆಳಗಿದಳು ಅಂದ್ರು. ನಾನು ಇದನ್ನ ನನ್ನ ಮಗನ ತಲಿಯಾಗ ಕೊಡತೀನಿ. ಇದು ಅಲ್ಲಿ ಬಾಳೇವು ಮಾಡಲಿ."

ನ್ಯಾಯಾಧೀಶರು ಕಾಯಿದೆಯ ಪುಸ್ತಕ ಹಿಂದೆ ಮುಂದೆ ತಿರುವಿದರು. "ಹಾಕಬಾರದು ಅಂತ ಬರದಾರ, ಆದ್ರ ಕೊಡೂದಕ್ಕ ಇದರಾಗ ಕಲಮು ಇಲ್ಲ" ಎಂದರು. "ಬ್ಯಾಡ ಅಂತನೂ ಇಲ್ಲ."

ಪ್ರಾಧ್ಯಾಪಕರು ಕೂಡಲೆ ಕೈಯೆತ್ತಿದರು. "ಕೊಡುವುದಕ್ಕೆ ಅದರ ಒಪ್ಪಿಗೆ ಬೇಕಲ್ಲ?"

ಅವರು ಕೇಳಿದ್ದು ಸೋಲಿಸಲು. ಅತ್ತೆ ಅದನ್ನು ಬಾಚಿ ಹಿಡಿದರು. "ಖರೆ ಮಾತ್ರಿ. ನನ್ನ ಕೊಡುವಾಗ ಯಾರೂ ಕೇಳಲಿಲ್ಲ. ನನಗ ಹದಿನಾರು ಆಗ. ಇದನ್ನ ಕೇಳ್ರಿ. ಒಲ್ಲೆ ಅಂದ್ರ ನಾನೂ ಒಲ್ಲೆ."

ಎಲ್ಲರೂ ಡಾಕ್ಟರ್ ರೇಷ್ಮಾರನ್ನು ನೋಡಿದರು. ಅವರು ತಲೆ ಕೆರೆದುಕೊಂಡು, ದಾರಿ ಇದೆ ಎಂದರು. ಗಾಜಿನ ತಟ್ಟೆಯ ಒಂದು ತುದಿಗೆ ಕೋಶಗಳನ್ನು ಇಟ್ಟು, ಇನ್ನೊಂದು ತುದಿಗೆ ರೋಗಿಯ ಬೆನ್ನುಹುರಿಯ ನೀರಿನ ಒಂದು ಹನಿ ಹಾಕುವುದು. ಹಿಡಿಸಿದರೆ ಕೋಶಗಳು ಅದರ ಕಡೆ ಎಳೆ ಚಾಚುತ್ತವೆ. ಹಿಡಿಸದಿದ್ದರೆ ಮುದುಡುತ್ತವೆ. ಹೀಗೇ ಮಾಡಿ ಎಂದು ಅವಕ್ಕೆ ಹೇಳಿಕೊಡಲು ಯಾರಿಗೂ ಆಗುವುದಿಲ್ಲ. ನನ್ನ ಗಂಡನ ಹನಿಯನ್ನು ಹೋದ ವಾರವೇ ತೆಗೆದಿಟ್ಟಿದ್ದರು.

ಹೀಗೆ ನನ್ನ ಗಂಡನಿಗೆ ಐವತ್ತೊಂದನೆಯ ವಯಸ್ಸಿನಲ್ಲಿ ಎರಡನೆಯ ಸಲ ಗಂಡು ನೋಡುವ ಶಾಸ್ತ್ರವಾಯಿತು. ದೊಡ್ಡ ಪರದೆಯ ಮೇಲೆ ತಟ್ಟೆ ಕಾಣುತ್ತಿತ್ತು. ಕ್ಯಾಂಟೀನಿನಿಂದ ಉಪ್ಪಿಟ್ಟು, ಚಾ ಬಂತು. ನ್ಯಾಯಾಧೀಶರು ಪ್ಲೇಟು ಹಿಡಿದು ಪರದೆಯ ಹತ್ತಿರವೇ ಕುರ್ಚಿ ಎಳೆದುಕೊಂಡರು. ಗಂಡ ಅಂಗಿಯ ಕಾಲರು ಸರಿ ಮಾಡಿಕೊಳ್ಳಲು ಹೋಗಿ ಆಗದೆ ನನ್ನ ಕಡೆ ನೋಡಿದರು. ನಾನು ಸರಿ ಮಾಡಿದೆ. "ನಾ ಅದಕ್ಕ ಹಿಡಿಸತೀನಂತೀಯೇನು?" ಎಂದು ಪಿಸುಗುಟ್ಟಿದರು. ನಗುವ ಹಾಗೆ ಕೇಳಿದರೂ ಕಣ್ಣಿನಲ್ಲಿ ನೀರಿತ್ತು.

ಒಂದು ತಾಸು ಏನೂ ಆಗಲಿಲ್ಲ. ಎರಡನೆಯ ತಾಸಿನಲ್ಲಿ ಒಂದೆರಡು ಕೋಶ ಮುದುಡಿದವು. ಪ್ರಾಧ್ಯಾಪಕರು ಕೆಮ್ಮಿದರು. ಅತ್ತೆ ಪರದೆಯ ಕಡೆ ನೋಡುವುದನ್ನೇ ಬಿಟ್ಟು, "ಅವಸರ ಮಾಡಬ್ಯಾಡ್ರಿ. ಹೆಣ್ಣಹುಡುಗಿ, ವಿಚಾರ ಮಾಡಲಿ" ಎಂದು ಎಲ್ಲರಿಗೂ ಹೇಳಿದರು. ಆದರೆ ತಾವೇ ತಲೆಯ ಬಟ್ಟೆಯನ್ನು ಮೂರು ಸಲ ಬಿಚ್ಚಿ ಕಟ್ಟಿಕೊಂಡರು.

ಒಂದೂವರೆಗೆ ಒಂದು ಕೋಶದ ಅಂಚು ಉಬ್ಬಿತು. ಅದರಿಂದ ಕೂದಲಿಗಿಂತ ತೆಳುವಾದ ಒಂದು ಎಳೆ ಹೊರಟಿತು. ಎಡಕ್ಕೆ ಹೋಯಿತು, ನಿಂತಿತು, ಆಮೇಲೆ ಹನಿಯ ಕಡೆ ತಿರುಗಿತು. ಅದರ ಹಿಂದೆ ಇನ್ನೊಂದು. ಎರಡೂಕಾಲಕ್ಕೆ ಪರದೆಯ ತುಂಬ ಎಳೆಗಳು, ಎಲ್ಲವೂ ಒಂದೇ ದಿಕ್ಕಿಗೆ. ಔಷಧ ಸಂಘದವರು ತಮ್ಮನ್ನು ಮರೆತು ಚಪ್ಪಾಳೆ ತಟ್ಟಿದರು. ಪ್ರಾಧ್ಯಾಪಕರು ಎದ್ದು ಬಂದು ನನ್ನ ಗಂಡನ ಕೈ ಕುಲುಕಿದರು. ಕುಲುಕುವ ಕೆಲಸವನ್ನು ಕೈ ತಾನೇ ಮಾಡಿತು.

ನ್ಯಾಯಾಧೀಶರು ನಮೂನೆಯ ಮೇಲೆ ಅಳತೆಪಟ್ಟಿ ಇಟ್ಟು ತಮ್ಮ ಕೈಯಾರೆ ಮೂರನೆಯ ಚೌಕ ಎಳೆದರು. ಅದರ ಮುಂದೆ 'ಒಪ್ಪಿಗೆಯಿಂದ ಕೊಟ್ಟದ್ದು' ಎಂದು ಬರೆದರು. "ಜೀವ ಅಂದಮ್ಯಾಲ ದಾಖಲೆಗೆ ಒಂದು ಹೆಸರು ಬೇಕು. ಏನಂತ ಬರೀಲಿ?"

ಅತ್ತೆ ಸೆರಗು ಸರಿ ಮಾಡಿಕೊಂಡರು. "ಕಮಲಾ" ಎಂದರು. ಆಮೇಲೆ, "ಒಂದು ಕರಾರು ಬರಕೊಳ್ರಿ ಸಾಹೇಬರ. ಹೋದ ಮನಿಯಾಗ ಹೆಸರು ಬದಲು ಮಾಡಬಾರದು."

ನಮ್ಮಲ್ಲಿ ಮದುವೆಯ ದಿನ ಹುಡುಗಿಯ ಹೆಸರು ಬದಲಾಗುತ್ತದೆ. ತಾಟಿನಲ್ಲಿ ಅಕ್ಕಿ ಹರಡಿ, ಗಂಡ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ಎಲ್ಲರೂ ನಗುತ್ತಾರೆ, ಪೇಢೆ ಹಂಚುತ್ತಾರೆ. ಸಂಜೆಯೊಳಗೆ ಹಳೆಯ ಹೆಸರು ಯಾರಿಗೂ ಬೇಕಾಗುವುದಿಲ್ಲ. ಕಮಲಾ ಎಂದರೆ ಯಾರು ಎಂದು ನನ್ನ ಗಂಡನಿಗೆ ಗೊತ್ತಿರಲಿಲ್ಲ. ಐವತ್ತೊಂದು ವರ್ಷ ಮಗನಾಗಿದ್ದರೂ ಗೊತ್ತಿರಲಿಲ್ಲ. ನನಗೆ ಮಾತ್ರ ಅತ್ತೆಯ ಮುಖ ನೋಡಿದ ಕೂಡಲೆ ಗೊತ್ತಾಯಿತು. ಐವತ್ತೆಂಟು ವರ್ಷ ಯಾರೂ ಕರೆಯದ ತಮ್ಮ ಹೆಸರನ್ನು ಅವರು ಜೋಪಾನವಾಗಿ ಇಟ್ಟುಕೊಂಡಿದ್ದರು.

ಇಪ್ಪತ್ತೊಂಬತ್ತನೆಯ ದಿನ ಕೋಶಗಳನ್ನು ಸೇರಿಸಿದರು. ಫಲ ಕಾಣಲು ಏಳು ತಿಂಗಳು ಹಿಡಿಯಿತು. ಮೊದಲು ಗುಂಡಿ ಹಾಕಿಕೊಂಡರು, ಆಮೇಲೆ ತುತ್ತು ಎತ್ತಿದರು, ಕಣ್ಣು ತೆರೆದುಕೊಂಡು ಉಂಡರು. ನಡುಕ ಪೂರ್ತಿ ಹೋಗಿಲ್ಲ. ಸಿಟ್ಟು ಬಂದಾಗ, ಮುನಸಿಪಾಲ್ಟಿಯವರು ಬಂದಾಗ ಬರುತ್ತದೆ. ಅತ್ತೆ ದಿನಾ ಬೆಳಿಗ್ಗೆ ಮಗನ ಹಣೆಯ ಮೇಲೆ ಕೈ ಇಟ್ಟು, "ಕಮಲಾ, ಆರಾಮ ಅದೀಯೇನವಾ?" ಎಂದು ಕೇಳುತ್ತಾರೆ. ಇವರು ಗಂಭೀರವಾಗಿ, "ಅದಾಳವ್ವ" ಎನ್ನುತ್ತಾರೆ.

ಹೋದ ಭಾನುವಾರ ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಒಳಗಿನಿಂದ ಗಂಡನ ದನಿ ಕೇಳಿತು. "ಪ್ರಮೀಳಾ, ಒಂಚೂರು ಬಾ ಇಲ್ಲಿ."

ಯಾರೋ ಬಂದಿದ್ದಾರೆ ಎಂದುಕೊಂಡೆ. ಮತ್ತೆ ಕರೆದರು, ಇನ್ನೂ ಮೆಲ್ಲಗೆ. ಇಪ್ಪತ್ತಾರು ವರ್ಷದ ಹಿಂದೆ ನಮ್ಮ ಲಗ್ನಪತ್ರಿಕೆಯಲ್ಲಿ ಓದಿದ ನನ್ನ ತವರಿನ ಹೆಸರನ್ನು ಈ ಮನುಷ್ಯ ಹೇಗೆ ನೆನಪಿಟ್ಟುಕೊಂಡಿದ್ದರೋ ಕಾಣೆ. ನಾನು ಒದ್ದೆ ಬಟ್ಟೆ ಹಿಡಿದುಕೊಂಡು ನಿಂತೇ ಇದ್ದೆ. ಕೂಡಲೆ ಓ ಎನ್ನಲಾಗಲಿಲ್ಲ. ಅಷ್ಟು ದೂರದಿಂದ ಆ ಹುಡುಗಿ ಬರಬೇಕಾಗಿತ್ತು.